ಹೈನುರಾಸುಗಳ ತಳಿ ಮೌಲ್ಯಮಾಪನ: ಬಂಗಾರಪೇಟೆ, ಕೆ.ಜಿ.ಎಫ್. ಸೀಮೆಯಿಂದ ಒಂದು ನೋಟ

ಸಾಕುಪ್ರಾಣಿಯ ಗುಣದಲ್ಲಿ ರಕ್ತದಿಂದ ಬಂದದ್ದೆಷ್ಟು, ತಿಂದ ಮೇವಿನಿಂದ ಬಂದದ್ದೆಷ್ಟು ಎಂದು ಬಿಡಿಸಿ, ರಕ್ತದ ಪಾಲಿಗೊಂದು ಅಂಕಿ ಕೊಟ್ಟು, ಆ ಅಂಕಿ ನೋಡಿ ಮುಂದಿನ ತಲೆಮಾರಿನ ತಂದೆತಾಯಿಗಳನ್ನು ಆರಿಸುವ ವಿಧಾನಕ್ಕೆ ತಳಿ ಮೌಲ್ಯಮಾಪನ ಎನ್ನುತ್ತಾರೆ. ಪೆರುವಿನ ಎತ್ತರದ ಬಯಲುಗಳಲ್ಲಿ ಇದು ಅಲ್ಪಾಕಾ ಎಂಬ ಪ್ರಾಣಿಯ ಉಣ್ಣೆಯ ಎಳೆ ಎಷ್ಟು ಸಣ್ಣದೆಂದು ಅಳೆಯುತ್ತದೆ. ಕೋಲಾರ ಜಿಲ್ಲೆಯಲ್ಲಿ ಅಳೆಯಬೇಕಾದದ್ದು ಹಾಲು. ಅಳತೆಗೇನೂ ಇಲ್ಲಿ ಬರವಿಲ್ಲ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಪ್ರತಿ ಹಳ್ಳಿಯ ಡೈರಿಯಲ್ಲೂ ಹಾಲನ್ನು ತೂಗಿ, ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ಬರೆದಿಡುತ್ತಾರೆ. ಆದರೆ ಆ ಲೆಕ್ಕವಿರುವುದು ಸದಸ್ಯರ ಹೆಸರಿನಲ್ಲಿ, ಹಸುವಿನ ಹೆಸರಿನಲ್ಲಲ್ಲ. ಈ ಸಣ್ಣ ವ್ಯತ್ಯಾಸದಿಂದಾಗಿ, ಇಷ್ಟೊಂದು ಹಾಲು ಕರೆಯುವ ಸೀಮೆಗೆ ತನ್ನ ಹಸುಗಳ ಅಪ್ಪಂದಿರಲ್ಲಿ ಯಾವುದು ಮೇಲು, ಯಾವುದು ಕೀಳು ಎಂದು ತನ್ನದೇ ಪುರಾವೆಯ ಮೇಲೆ ಹೇಳುವುದು ಕಷ್ಟವಾಗಿದೆ.

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೆರೆ, ಕೊಳವೆಬಾವಿ, ರಾಗಿ, ಹಿಪ್ಪುನೇರಳೆ, ಟೊಮೆಟೊ, ಮಾವು ಇಲ್ಲಿನ ಬದುಕು. ಬಂಗಾರಪೇಟೆ ಬ್ರಿಟಿಷರ ಕಾಲದಲ್ಲಿ ಬೌರಿಂಗ್‌ಪೇಟೆಯಾಗಿತ್ತು. ಅಲ್ಲಿಂದ ಮಾರಿಕುಪ್ಪಂವರೆಗೆ 1894ರಲ್ಲಿ ಬಂದ ರೈಲುಹಾದಿ ಕೆ.ಜಿ.ಎಫ್., ಎಂದರೆ ಕೋಲಾರ ಗೋಲ್ಡ್ ಫೀಲ್ಡ್ಸ್‌ನ ಚಿನ್ನದ ಗಣಿಗಾಗಿಯೇ ಹಾಕಿದ್ದು. ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿದ ಮೇಲೆ ಗಣಿಯ ಊರುಗಳಾದ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್‌ಗಳ ಮಂದಿ ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟರು. ಸುತ್ತಲಿನ ಹಳ್ಳಿಗಳಿಗೆ ಹಾಗೆ ಹೊರಡುವ ಅಗತ್ಯ ಅಷ್ಟಾಗಿ ಬೀಳದಂತೆ ತಡೆದದ್ದರಲ್ಲಿ ಕೊಟ್ಟಿಗೆಯ ಎರಡು ಮೂರು ಹಸುಗಳ ಪಾತ್ರ ದೊಡ್ಡದು. ಮಳೆ ಕೈಕೊಟ್ಟ ವರ್ಷದಲ್ಲೂ ಹಾಲಿನ ದುಡ್ಡು ಕೈಸೇರುತ್ತದೆ. ರೇಷ್ಮೆ ಸಾಕುವ ಮನೆಗಳಲ್ಲಿ ಹುಳು ತಿಂದು ಬಿಟ್ಟ ಸೊಪ್ಪೂ ಕಡ್ಡಿಯೂ ಹಸುವಿನ ಗೋದಲಿಗೆ ಬೀಳುತ್ತವೆ. ಹೀಗೆ ಒಂದು ಕಸುಬು ಇನ್ನೊಂದರ ಹೊಟ್ಟೆ ಹೊರೆಯುತ್ತದೆ.

ಡೈರಿಗೆ ಹಾಲು ಕೊಡುವ ಈ ಹಸು ಇಲ್ಲಿನದಲ್ಲ. ಕೋಲಾರ, ಬೆಂಗಳೂರು, ತುಮಕೂರು, ಮಂಡ್ಯ, ಹಾಸನದ ಕಡೆಯ ಮೂಲ ತಳಿ ಹಳ್ಳಿಕಾರ್. ಬೂದು ಮೈ, ಹಿಂದಕ್ಕೆ ಬಾಗಿದ ನೀಳ ಕೊಂಬು, ಬಿಗಿಯಾದ ಕಾಲು. ನೇಗಿಲು ಗಾಡಿಗಳಿಗೆಂದು ತಲೆಮಾರುಗಳಿಂದ ಆರಿಸಿ ಬೆಳೆಸಿದ ದನ ಅದು. ಶಿವರಾತ್ರಿಯ ಹೊತ್ತಿಗೆ ಮುಳಬಾಗಿಲಿನ ಹತ್ತಿರದ ಆವಣಿಯಲ್ಲಿ ಸೇರುವ ದನಗಳ ಜಾತ್ರೆಯಲ್ಲಿ ಕೊಳ್ಳುವವರು ಇಂದಿಗೂ ಸುಳಿ ನೋಡಿ, ಹಲ್ಲು ಎಣಿಸಿ, ನಡಿಗೆ ಗಮನಿಸಿ ಬೆಲೆ ಕಟ್ಟುತ್ತಾರೆ. ಕಣ್ಣಿನಿಂದ ಮಾಡುವ ಈ ಆಯ್ಕೆಯೂ ಒಂದು ಬಗೆಯ ತಳಿ ಮೌಲ್ಯಮಾಪನವೇ, ಮತ್ತು ದುಡಿಮೆಯ ಎತ್ತಿನ ಮಟ್ಟಿಗೆ ಅದು ಚೆನ್ನಾಗಿಯೇ ನಡೆದುಬಂದಿದೆ. ಹಾಲಿನ ವಿಷಯಕ್ಕೆ ಬಂದರೆ ಹಳ್ಳಿಕಾರ್ ಹಸು ಒಂದು ಸೂಲಿಗೆ ಸರಾಸರಿ 540 ಕಿಲೋದಷ್ಟು ಕೊಡುತ್ತದೆ. ಕರು ಕುಡಿದು ಮನೆಗೆ ಮಜ್ಜಿಗೆಯಾಗಲು ಅಷ್ಟು ಸಾಕು. ಡೈರಿಗೆ ಹಾಕಲು ಸಾಲದು.

ಬದಲಾವಣೆಯ ಬೀಜ ಬಿದ್ದದ್ದು ಬೆಂಗಳೂರು ಮತ್ತು ಮೈಸೂರಿನಲ್ಲಿ. 1923ರಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಶುರುವಾದ ಇಂಪೀರಿಯಲ್ ಪಶುಸಂಗೋಪನೆ ಮತ್ತು ಹೈನುಗಾರಿಕೆ ಸಂಸ್ಥೆಗೆ 1927ರಲ್ಲಿ ಗಾಂಧೀಜಿ, ಮದನಮೋಹನ ಮಾಲವೀಯರೊಂದಿಗೆ ಬಂದು ಗೋಪಾಲನೆಯ ಪಾಠ ಕೇಳಿದ್ದರು. ಆಗ ಅಲ್ಲಿನ ಹೆಸರಾಂತ ಹಸು ಜಿಲ್, ಸ್ಕಾಟ್‌ಲೆಂಡಿನ ಆಯರ್‌ಶೈರ್ ಮತ್ತು ನಮ್ಮ ಹರಿಯಾಣ ತಳಿಗಳ ಮಿಶ್ರಣ. ಮುಂದೆ 1939ರಲ್ಲಿ ಮೈಸೂರು ಅರಮನೆಯ ಡೈರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೈನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಕೃತಕವಾಗಿ ಸೇರಿಸಿ 33 ಹಸುಗಳು ಗಬ್ಬವಾಗುವಂತೆ ಮಾಡಿದರು. ಭಾರತದಲ್ಲಿ ಕೃತಕ ಗರ್ಭಧಾರಣೆಯ ಮೊದಲ ಪ್ರಯೋಗವೆಂದು ಪಶುವೈದ್ಯ ಪಠ್ಯಗಳು ಹೆಸರಿಸುವುದು ಇದನ್ನೇ. ದನಗಳ ವಿಷಯದಲ್ಲಿ ಮೈಸೂರು ಸಂಸ್ಥಾನ ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆ ನಡೆಸಿದ ಕಾಲದಿಂದಲೂ ಕೈಬಿಚ್ಚಿ ಖರ್ಚು ಮಾಡಿದ್ದನ್ನು ನೆನೆದರೆ ಈ ಮೊದಲಿಗತನ ಅಚ್ಚರಿಯೇನಲ್ಲ.

1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ಘನೀಕೃತ ವೀರ್ಯದ ಕೇಂದ್ರ ಬಂತು. ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಕಾಲು ಮಿಲಿಲೀಟರಿನ ಸ್ಟ್ರಾಗಳಲ್ಲಿ ಹೋರಿಯ ಬೀಜವನ್ನು ವರ್ಷಗಟ್ಟಲೆ ಇಡಬಹುದಾಯಿತು. 1970ರ ದಶಕದ ನಡುವಿನಿಂದ ವಿಶ್ವಬ್ಯಾಂಕಿನ ನೆರವಿನಲ್ಲಿ ಹಳ್ಳಿ ಹಳ್ಳಿಗೆ ಹಾಲು ಉತ್ಪಾದಕರ ಸಹಕಾರ ಸಂಘಗಳು ಹುಟ್ಟಿದವು. ಈ ಸಂಘಗಳ ರಾಜ್ಯ ಒಕ್ಕೂಟವಾದ ಕೆ.ಎಂ.ಎಫ್. ಕೂಡ ಹೆಸರಘಟ್ಟದಲ್ಲೇ ನಂದಿನಿ ವೀರ್ಯ ಕೇಂದ್ರ ಕಟ್ಟಿತು. ಕೋಲಾರದ ರೈತ ಬೆದೆಗೆ ಬಂದ ಹಸುವನ್ನು ಊರ ಹೋರಿಯ ಬಳಿ ಹೊಡೆದುಕೊಂಡು ಹೋಗುವುದನ್ನು ಬಿಟ್ಟು ಇಂಜೆಕ್ಷನ್ ಮಾಡಿಸಲು ಕಲಿತ. ನಾಟಿ ಹಸುವಿನ ಹೊಟ್ಟೆಯಲ್ಲಿ ಕಪ್ಪುಬಿಳಿ ಕರು ಹುಟ್ಟಿತು. ಅದರ ಮಗಳು ಇನ್ನಷ್ಟು ಕಪ್ಪುಬಿಳಿಯಾಯಿತು. ಇಂದು ಬಂಗಾರಪೇಟೆ, ಮಾಲೂರು, ಕೋಲಾರದ ಡೈರಿಗಳಿಗೆ ಬೀಳುವ ಹಾಲಿನ ಬಹುಪಾಲು ಈ ಸೀಮೆಹಸುಗಳದೇ.

ಎರಡೇ ತಲೆಮಾರಿನಲ್ಲಿ ಒಂದು ಸೀಮೆಯ ದನದ ರಕ್ತವೇ ಬದಲಾದ ಈ ಕಥೆಯನ್ನು ಸಾಮಾನ್ಯವಾಗಿ ತಳಿ ಸುಧಾರಣೆ ಎನ್ನುತ್ತೇವೆ. ಕಟ್ಟುನಿಟ್ಟಾಗಿ ಹೇಳಿದರೆ ಇದು ತಳಿ ಬದಲಾವಣೆ. ಹೆಚ್ಚು ಕೊಡುವ ತಳಿಯ ರಕ್ತ ಬೆರೆಸಿದ್ದರಿಂದ ಬರುವ ಲಾಭ ಒಂದು ಹಂತದವರೆಗೆ ಏರಿ ನಿಂತುಬಿಡುತ್ತದೆ. ಆಮೇಲಿನ ಏರಿಕೆಗೆ ಬೇಕಾದದ್ದು ಅದೇ ಮಿಶ್ರತಳಿಯ ಹೋರಿಗಳಲ್ಲಿ ಉತ್ತಮವಾದದ್ದನ್ನು ಆರಿಸುವ ಕೆಲಸ. ಮೌಲ್ಯಮಾಪನದ ಅಗತ್ಯ ಬೀಳುವುದು ಅಲ್ಲಿ.

ತೊಡಕಿರುವುದು ಇದರಲ್ಲಿ: ಹೋರಿ ಹಾಲು ಕೊಡುವುದಿಲ್ಲ. ಅದರ ಗುಣ ಗೊತ್ತಾಗುವುದು ಹೆಣ್ಣುಮಕ್ಕಳ ಕೆಚ್ಚಲಿನಿಂದ ಮಾತ್ರ. ಚಿನ್ನದ ಗಣಿಯಲ್ಲಿ ಅದಿರಿನ ಮಾದರಿಗಳನ್ನು ಪುಡಿಮಾಡಿ, ಕರಗಿಸಿ, ಟನ್ನಿಗೆ ಎಷ್ಟು ಗ್ರಾಂ ಚಿನ್ನವೆಂದು ಅಂದಾಜಿಸುತ್ತಿದ್ದ ಅಸ್ಸೇ ಕೆಲಸವನ್ನು ಬಲ್ಲ ಕೆ.ಜಿ.ಎಫ್. ಮಂದಿಗೆ ಈ ತರ್ಕ ಹೊಸದಲ್ಲ. ಬಂಡೆಯನ್ನು ಹೊರಗಿನಿಂದ ನೋಡಿ ಚಿನ್ನ ಹೇಳಲಾಗದು. ಒಂದೇ ಚೂರು ಪರೀಕ್ಷಿಸಿದರೂ ಮೋಸ ಹೋಗಬಹುದು. ಹೋರಿಯ ಮಟ್ಟಿಗೆ ಆ ಚೂರುಗಳೇ ಮಗಳು ಹಸುಗಳು. ಈ ವಿಧಾನಕ್ಕೆ ಸಂತತಿ ಪರೀಕ್ಷೆ ಎಂದು ಹೆಸರು. ಎಳೆ ಹೋರಿಯ ವೀರ್ಯವನ್ನು ಹತ್ತಾರು ಊರುಗಳಿಗೆ ಹಂಚುತ್ತಾರೆ. ಹುಟ್ಟಿದ ಹೆಣ್ಣುಕರುಗಳಿಗೆ ಕಿವಿಯೋಲೆ ಹಾಕಿ, ಅವು ಪಡ್ಡೆಯಾಗಿ, ಗಬ್ಬವಾಗಿ, ಈಯುವವರೆಗೆ ಕಾದು, ಮೊದಲ ಸೂಲಿನ 305 ದಿನಗಳಲ್ಲಿ ತಿಂಗಳಿಗೊಮ್ಮೆ ಬೆಳಿಗ್ಗೆ ಸಂಜೆ ಹಾಲು ಅಳೆಯುತ್ತಾರೆ. ಅಷ್ಟರಲ್ಲಿ ಐದಾರು ವರ್ಷ ಕಳೆದಿರುತ್ತದೆ.

ಅಳೆದ ಮೇಲೂ ಮಗಳ ಹಾಲನ್ನೆಲ್ಲ ಅಪ್ಪನ ಖಾತೆಗೆ ಜಮಾ ಮಾಡುವಂತಿಲ್ಲ. ಬೆಂಗಳೂರಿನ ಸಂಸ್ಕರಿತ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ತುಂಬಿದ ಕೆರೆಯಂಚಿನ ಹಳ್ಳಿಯ ಹಸು ಹಸಿಮೇವು ತಿಂದು ಎರಡು ಲೀಟರ್ ಹೆಚ್ಚು ಕರೆದರೆ ಅದರಲ್ಲಿ ಹೋರಿಯ ಹೆಗ್ಗಳಿಕೆ ಏನೂ ಇಲ್ಲ. ಹಾಗೆಯೇ ಕಾಮಸಮುದ್ರದ ಕಡೆಯ ಮಳೆಯಾಧಾರಿತ ಊರಿನಲ್ಲಿ ಬರೀ ರಾಗಿಹುಲ್ಲು ತಿಂದು ಕಡಿಮೆ ಕೊಟ್ಟ ಹಸುವಿನ ಅಪ್ಪ ಕಳಪೆಯೆಂದೂ ಅಲ್ಲ. ಅದಕ್ಕಾಗಿ ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ ಈದ ಹಸುಗಳನ್ನು ಪರಸ್ಪರ ಹೋಲಿಸುವ ಕ್ರಮ ಬಂತು. ಇದನ್ನು 1950ರ ದಶಕದಲ್ಲಿ ಬ್ರಿಟನ್ನಿನಲ್ಲಿ ಅಲನ್ ರಾಬರ್ಟ್‌ಸನ್ ಮತ್ತು ಜೊತೆಗಾರರು ರೂಪಿಸಿದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಹೆಂಡರ್ಸನ್ ಊರು, ಋತು, ವಯಸ್ಸು, ನೆಂಟಸ್ತಿಕೆ ಎಲ್ಲವನ್ನೂ ಒಟ್ಟಿಗೆ ಬಿಡಿಸುವ ಸಮೀಕರಣಗಳನ್ನು ಕೊಟ್ಟರು. ಬ್ಲಪ್ ಎಂದು ಕರೆಯುವ ಆ ವಿಧಾನವೇ ಇಂದು ಹಸು, ಹಂದಿ, ಕುರಿ, ಅಲ್ಪಾಕಾ ಎನ್ನದೆ ಎಲ್ಲ ಕಡೆ ಲೆಕ್ಕದ ಬೆನ್ನೆಲುಬು.

ಲೆಕ್ಕದ ಒಳಗುಟ್ಟನ್ನು ಒಂದು ಉದಾಹರಣೆಯಿಂದ ನೋಡಬಹುದು. ಹಾಲಿನ ಇಳುವರಿಯ ವ್ಯತ್ಯಾಸದಲ್ಲಿ ಕಾಲು ಭಾಗ ವಂಶದಿಂದ ಬಂದದ್ದೆಂದು ಇಟ್ಟುಕೊಳ್ಳೋಣ. ವಾಸ್ತವದ ಅಂದಾಜುಗಳೂ ಅದರ ಆಸುಪಾಸಿನಲ್ಲೇ ಇವೆ. ಆಗ ಹೋರಿಯೊಂದರ ಅಂದಾಜಿನ ನಂಬಿಕೆಯ ಮಟ್ಟ 15 ಹೆಣ್ಣುಮಕ್ಕಳಿದ್ದರೆ ಶೇ 50, 60 ಇದ್ದರೆ ಶೇ 80, 135 ಇದ್ದರೆ ಶೇ 90. ಒಂದು ಹೋರಿಯ ಹೆಣ್ಣುಮಕ್ಕಳು ತಮ್ಮ ಊರಿನ ಸಮವಯಸ್ಕ ಹಸುಗಳಿಗಿಂತ ಸೂಲಿಗೆ 200 ಲೀಟರ್ ಹೆಚ್ಚು ಕೊಟ್ಟವು ಎನ್ನಿ. ಮಕ್ಕಳು 15 ಮಾತ್ರವಾದರೆ, ಮುಂದೆ ಹುಟ್ಟುವ ಮಗಳಿಂದ 100 ಲೀಟರ್ ಹೆಚ್ಚುವರಿ ನಿರೀಕ್ಷಿಸಬಹುದು. 60 ಇದ್ದರೆ 160. 135 ಇದ್ದರೆ 180. ಸಾಕ್ಷಿ ಕಡಿಮೆಯಿದ್ದಷ್ಟೂ ಲೆಕ್ಕ ಹೊಗಳಿಕೆಯನ್ನು ಸರಾಸರಿಯ ಕಡೆಗೆ ಎಳೆಯುತ್ತದೆ. ಜಾಹೀರಾತಿನಲ್ಲಿ ಒಂದೇ ಮಗಳ ದಾಖಲೆ ಹಾಲನ್ನು ತೋರಿಸಿ ಹೋರಿ ಮಾರುವವರಿಗೆ ಈ ಜಿಪುಣತನ ಹಿಡಿಸುವುದಿಲ್ಲ.

ಅರವತ್ತು ಮಕ್ಕಳನ್ನು ಎಲ್ಲಿಂದ ತರುವುದು? ಡೆನ್ಮಾರ್ಕಿನಲ್ಲಾದರೆ ಒಂದೇ ಕೊಟ್ಟಿಗೆಯಲ್ಲಿ ನೂರಿನ್ನೂರು ಹಸುಗಳು ನಿಂತಿರುತ್ತವೆ. ಬಂಗಾರಪೇಟೆಯ ಮನೆಯಲ್ಲಿ ಎರಡು, ಮೂರು. ಹೋಲಿಕೆಗೆ ಕೊಟ್ಟಿಗೆಯ ಬದಲು ಊರನ್ನೇ ಒಂದು ಮಂದೆಯೆಂದು ಎಣಿಸಬೇಕು. ಇದು ಆಗದ ಮಾತಲ್ಲ ಎಂಬುದಕ್ಕೆ ಪುರಾವೆ ಪಕ್ಕದ ಕೇರಳದಲ್ಲಿದೆ. ಮುನ್ನಾರ್ ಬಳಿಯ ಮಾಟ್ಟುಪೆಟ್ಟಿಯಲ್ಲಿ 1963ರಲ್ಲಿ ಸ್ವಿಸ್ ನೆರವಿನಿಂದ ಆರಂಭವಾದ ಯೋಜನೆ, ಮುಂದೆ ಕೇರಳ ಲೈವ್‌ಸ್ಟಾಕ್ ಡೆವಲಪ್‌ಮೆಂಟ್ ಬೋರ್ಡ್ ಆಗಿ, ಒಂದೆರಡು ಹಸುವಿನ ರೈತರ ಮನೆ ಮನೆಗೆ ಅಳತೆಗಾರರನ್ನು ಕಳಿಸಿ ದಶಕಗಳ ಕಾಲ ಹಾಲಿನ ದಾಖಲೆ ಬರೆಯಿತು. ಸುನಂದಿನಿ ಎಂಬ ಹೊಸ ತಳಿ ರೂಪುಗೊಂಡದ್ದು ಹಾಗೆ. ಗುಜರಾತಿನ ಬೀಡಜ್‌ನಲ್ಲಿರುವ ಸಾಬರಮತಿ ಆಶ್ರಮ ಗೋಶಾಲೆ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯ ಉಸ್ತುವಾರಿಯಲ್ಲಿ ಎಚ್‌.ಎಫ್. (ಹೋಲ್‌ಸ್ಟೈನ್ ಫ್ರೀಸಿಯನ್) ಮಿಶ್ರತಳಿ ಹೋರಿಗಳ ಸಂತತಿ ಪರೀಕ್ಷೆ ನಡೆಸುತ್ತ ಬಂದಿದೆ; ಮೆಹ್ಸಾಣಾದಲ್ಲಿ ಎಮ್ಮೆಗಳಿಗೆ, ತಮಿಳುನಾಡಿನಲ್ಲಿ ಜರ್ಸಿ ಮಿಶ್ರತಳಿಗೆ ಇಂಥ ಕೆಲಸ ನಡೆದಿದೆ. ಕೋಲಾರದ ಕೊಟ್ಟಿಗೆಗೆ ಬರುವ ಸ್ಟ್ರಾದಲ್ಲಿ ಪರೀಕ್ಷಿತ ಹೋರಿಯ ಬೀಜವಿರಬಹುದು, ಆದರೆ ಆ ಪರೀಕ್ಷೆ ನಡೆದದ್ದು ಬೇರೆ ನೀರು, ಬೇರೆ ಮೇವಿನ ನಡುವೆ.

ಡೈರಿಯ ಯಂತ್ರ ದಿನಕ್ಕೆರಡು ಸಲ ಬರೆಯುವ ಅಂಕಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲವೆ? ಬರಬಹುದಿತ್ತು. ಆದರೆ ಮನೆಯ ಮೂರು ಹಸುವಿನ ಹಾಲು ಒಂದೇ ಕ್ಯಾನಿನಲ್ಲಿ ಬೆರೆತು ಬರುತ್ತದೆ. ಕರುವಿಗೆ ಬಿಟ್ಟದ್ದು, ಮನೆಗೆ ಇಟ್ಟುಕೊಂಡದ್ದು, ಪಕ್ಕದ ಹೋಟೆಲಿಗೆ ಕೊಟ್ಟದ್ದು ಲೆಕ್ಕದಲ್ಲಿಲ್ಲ. ಇನ್ನೊಂದು ಕಡೆ, ಹಸುವಿನ ಕಿವಿಯಲ್ಲಿ 12 ಅಂಕಿಯ ಓಲೆಯಿದೆ. ಗರ್ಭಧಾರಣೆ ಮಾಡಿದವರು ಯಾವ ಹೋರಿಯ ಸ್ಟ್ರಾ ಎಂದು ಮೊಬೈಲಿನಲ್ಲಿ ದಾಖಲಿಸಬೇಕು. ಸ್ಟ್ರಾ ಮೇಲೆ ಹೋರಿಯ ಸಂಖ್ಯೆ, ತಳಿ, ಕೇಂದ್ರದ ಗುರುತು ಅಚ್ಚಾಗಿರುತ್ತದೆ. ಅಪ್ಪ ಯಾರೆಂದು ತಿಳಿಸುವ ದಾಖಲೆ ಒಂದು ಪೆಟ್ಟಿಗೆಯಲ್ಲಿ, ಹಾಲು ಎಷ್ಟೆಂದು ತಿಳಿಸುವ ದಾಖಲೆ ಇನ್ನೊಂದರಲ್ಲಿ. ಎರಡನ್ನೂ ಜೋಡಿಸಲು ತಿಂಗಳಿಗೊಂದು ದಿನ ಪ್ರತಿ ಹಸುವಿನ ಹಾಲನ್ನು ಬೇರೆ ಬೇರೆ ಅಳೆದರೆ ಸಾಕು. ಅಂಥ ಅಳತೆಗಾರರ ಸಂಬಳವನ್ನು ಯಾರು ಕೊಡಬೇಕು ಎಂಬಲ್ಲಿ ಮಾತು ನಿಲ್ಲುತ್ತದೆ. ಹೋರಿಯ ಬೆಲೆ ಐದಾರು ವರ್ಷಗಳ ನಂತರ ತಿಳಿಯುತ್ತದೆ, ಸಂಘದ ಆಡಳಿತ ಮಂಡಳಿಯ ಅವಧಿ ಐದೇ ವರ್ಷ.

ಯಾವುದನ್ನು ಅಳೆಯಬೇಕು ಎಂಬುದೂ ಸರಳ ಪ್ರಶ್ನೆಯಲ್ಲ. ಹಾಲಿನ ಪ್ರಮಾಣ ಹೆಚ್ಚಿಸುತ್ತ ಹೋದರೆ ಫ್ಯಾಟಿನ ಶೇಕಡಾ ಪ್ರಮಾಣ ಇಳಿಯುವ ಒಲವಿದೆ. ಡೈರಿ ದರ ಕಟ್ಟುವುದು ಫ್ಯಾಟು, ಎಸ್‌ಎನ್‌ಎಫ್ ನೋಡಿ. ಆದ್ದರಿಂದ ಲೀಟರ್ ಏರಿದಷ್ಟೇ ದುಡ್ಡು ಏರುವುದಿಲ್ಲ. ಹಸು ಸಕಾಲಕ್ಕೆ ಬೆದೆಗೆ ಬಂದು ಗಬ್ಬ ನಿಲ್ಲುವುದು, ಕೆಚ್ಚಲು ಬಾವಿಗೆ ಬಗ್ಗದಿರುವುದು, ಏಪ್ರಿಲ್ ಬಿಸಿಲಿನಲ್ಲಿ ಮೇವು ಬಿಡದಿರುವುದು, ಇವೇ ರೈತರ ನಿಜವಾದ ಚಿಂತೆ. ಇವುಗಳಲ್ಲಿ ವಂಶದ ಪಾಲು ಬಹಳ ಸಣ್ಣದು. ಗಬ್ಬ ನಿಲ್ಲುವ ಗುಣದಲ್ಲಿ ಶೇ 5ಕ್ಕಿಂತಲೂ ಕಡಿಮೆಯೆಂದು ಹೆಚ್ಚಿನ ಅಧ್ಯಯನಗಳ ಅಂದಾಜು. ಹಾಗೆಂದು ಕೈಬಿಡಬೇಕಿಲ್ಲ. ನಾರ್ವೆಯವರು 1970ರ ದಶಕದಿಂದಲೇ ತಮ್ಮ ಕೆಂಪು ಹಸುವಿನ ಆಯ್ಕೆಯಲ್ಲಿ ರೋಗ ಮತ್ತು ಗರ್ಭ ನಿಲ್ಲುವ ಗುಣಕ್ಕೂ ಅಂಕ ಕೊಡುತ್ತ ಬಂದರು. ಹೋಲ್‌ಸ್ಟೈನ್ ಬೆಳೆಸಿದ ದೇಶಗಳು ಹಾಲೊಂದರ ಹಿಂದೆ ಓಡಿ, ಹಸುಗಳು ಗಬ್ಬ ನಿಲ್ಲದೆ ಒದ್ದಾಡಿದ ಮೇಲೆ ಆ ದಾರಿಗೆ ಬಂದವು.

ಆ ಓಟದ ಇನ್ನೊಂದು ಪಾಠ ಪಾನಿ ಫಾರ್ಮ್ ಆರ್ಲಿಂಡಾ ಚೀಫ್ ಎಂಬ ಹೋರಿಯದು. 1962ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅದರ ಹೆಣ್ಣುಮಕ್ಕಳು ಹಾಲಿನಲ್ಲಿ ಎಷ್ಟು ಮುಂದಿದ್ದವೆಂದರೆ ಜಗತ್ತಿನ ಹೋಲ್‌ಸ್ಟೈನ್ ಮಂದೆಗಳಲ್ಲೆಲ್ಲ ಅದರ ರಕ್ತ ಹರಡಿತು. ಭ್ರೂಣ ಗರ್ಭದಲ್ಲೇ ಸಾಯುವಂತೆ ಮಾಡುವ ಒಂದು ದೋಷವೂ ಜೊತೆಗೇ ಹರಡಿತ್ತು ಎಂಬುದು ತಿಳಿದದ್ದು ದಶಕಗಳ ನಂತರ, ಜೀನೋಮ್ ಓದಿದಾಗ. ಕೋಲಾರದ ಸೀಮೆಹಸುವಿನ ವಂಶವೃಕ್ಷವೂ ಮೇಲಕ್ಕೆ ಹೋದಂತೆ ಇಂಥ ಕೆಲವೇ ಹೋರಿಗಳಲ್ಲಿ ಕೂಡುತ್ತದೆ. ಆದ್ದರಿಂದ ಯಾವ ಹಸುವಿಗೆ ಯಾವ ಹೋರಿ ಎಂದು ಬರೆದಿಡುವುದು ಬರೀ ಕಡತ ತುಂಬುವ ಕೆಲಸವಲ್ಲ. ಅದಿಲ್ಲದಿದ್ದರೆ ಮಗಳಿಗೆ ಅಪ್ಪನದೇ ಸ್ಟ್ರಾ ಬೀಳುವುದನ್ನು ತಡೆಯಲು ಬೇರೆ ದಾರಿಯಿಲ್ಲ.

ಜೀನೋಮ್ ಆಧರಿಸಿ ಆರಿಸುವ ವಿಧಾನವನ್ನು ಮ್ಯೂವಿಸನ್, ಹೇಯ್ಸ್, ಗೊಡ್ಡಾರ್ಡ್ ಎಂಬ ಮೂವರು 2001ರಲ್ಲಿ ಮಂಡಿಸಿದರು. ಸಾವಿರಾರು ಡಿಎನ್‌ಎ ಗುರುತುಗಳನ್ನು ಒಂದೇ ಚಿಪ್ಪಿನಲ್ಲಿ ಓದಿ, ಯಾವ ಗುರುತಿನ ಜೊತೆ ಎಷ್ಟು ಹಾಲು ಬರುತ್ತದೆಂದು ಕಲಿತುಕೊಂಡರೆ, ಹೋರಿಕರು ಹುಟ್ಟಿದಂದೇ ಅದರ ತಳಿ ಮೌಲ್ಯ ಹೇಳಬಹುದು. ಅಮೆರಿಕ 2009ರಿಂದ ಇದನ್ನು ಅಧಿಕೃತವಾಗಿ ಬಳಸುತ್ತಿದೆ. ಭಾರತದಲ್ಲಿ ಡೈರಿ ಮಂಡಳಿ ಇಂಡಸ್‌ಚಿಪ್ ತಯಾರಿಸಿತು. ಕೇಂದ್ರ ಸರ್ಕಾರ 2024ರ ಅಕ್ಟೋಬರ್ 5ರಂದು ಮಹಾರಾಷ್ಟ್ರದ ವಾಶಿಮ್‌ನಲ್ಲಿ ಗೌ ಚಿಪ್, ಮಹಿಷ ಚಿಪ್‌ಗಳನ್ನು ಬಿಡುಗಡೆ ಮಾಡಿತು. ಚಿಪ್ಪು ಬಂದ ಮೇಲೆ ಹಾಲು ಅಳೆಯುವ ರಗಳೆ ತಪ್ಪಿತೆಂದು ತಿಳಿಯುವವರಿದ್ದಾರೆ. ಆಗುವುದು ಇದರ ತಿರುವುಮುರುವು: ಚಿಪ್ಪಿಗೆ ಪಾಠ ಹೇಳಲು ಹಾಲಿನ ದಾಖಲೆಯಿರುವ ಸಾವಿರಾರು ಹಸುಗಳು ಬೇಕು. ಗುಜರಾತಿನ ಹಸುಗಳಿಂದ ಕಲಿತ ಚಿಪ್ಪು ರಾಗಿಹುಲ್ಲಿನ ಸೀಮೆಯಲ್ಲಿ ಅಷ್ಟೇ ನಿಖರವಾಗಿ ನುಡಿಯಬೇಕಾದರೆ ಇಲ್ಲಿನ ಹಸುಗಳೂ ಆ ಪಾಠದಲ್ಲಿರಬೇಕು.

ಅಲ್ಪಾಕಾದೊಂದಿಗೆ ಹೋಲಿಸಿದರೆ ಕೋಲಾರದ ಅನುಕೂಲವೂ ಅನನುಕೂಲವೂ ಎದ್ದು ಕಾಣುತ್ತವೆ. ಪೆರುವಿನ ಪುನೊ ಸೀಮೆಯ ಪಕೋಮಾರ್ಕಾ ಫಾರಂನಲ್ಲಿ ಪ್ರತಿ ಪ್ರಾಣಿಯ ವಂಶಾವಳಿ, ಉಣ್ಣೆಯ ಎಳೆಯ ಮೈಕ್ರಾನ್ ಅಳತೆ ದಾಖಲಾಗುತ್ತವೆ. ಅಮೆರಿಕ, ಆಸ್ಟ್ರೇಲಿಯದ ಸಾಕಣೆದಾರರ ಸಂಘಗಳೂ ತಳಿ ಮೌಲ್ಯ ಲೆಕ್ಕ ಹಾಕಿಸುತ್ತವೆ. ಆದರೆ ಅಲ್ಪಾಕಾ ಹನ್ನೊಂದು ತಿಂಗಳಿಗೂ ಹೆಚ್ಚು ಹೊತ್ತು ಒಂದೇ ಮರಿ ಹಾಕುವ ಪ್ರಾಣಿ. ಗಂಡಿನ ವೀರ್ಯ ಅಂಟಂಟಾಗಿದ್ದು ಘನೀಕರಿಸಲು ಒಗ್ಗುವುದಿಲ್ಲ. ಒಳ್ಳೆಯ ಗಂಡು ಯಾವುದೆಂದು ಅವರಿಗೆ ಗೊತ್ತು, ಅದರ ಬೀಜವನ್ನು ದೂರಕ್ಕೆ ಕಳಿಸುವುದು ಕಷ್ಟ. ನಮಗೆ ಬೀಜ ಕಳಿಸುವುದು ಸುಲಭ, ಒಳ್ಳೆಯ ಗಂಡು ಯಾವುದೆಂದು ಹೇಳುವುದು ಕಷ್ಟ.

ಹೆಣ್ಣುಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯವೂ ಈಗ ಸಿಗುತ್ತದೆ. ಅದರಲ್ಲಿ ಶೇ 90ರಷ್ಟು ಹೆಣ್ಣು. ಟ್ರ್ಯಾಕ್ಟರ್ ಬಂದ ಮೇಲೆ ಸೀಮೆಹಸುವಿನ ಗಂಡುಕರುವಿಗೆ ಕೆಲಸವಿಲ್ಲ. ರಾಜ್ಯದ 2020ರ ಗೋಹತ್ಯೆ ನಿಷೇಧ ಕಾಯ್ದೆಯ ನಂತರ ಅದನ್ನೂ ಬರಡು ಹಸುವನ್ನೂ ಮಾರುವ ದಾರಿ ಕಿರಿದಾಗಿದೆ. ಹಾಗಾಗಿ ಈ ಸ್ಟ್ರಾಗೆ ಬೇಡಿಕೆ ಬರುವುದು ಸಹಜ. ತಳಿ ಲೆಕ್ಕದ ದೃಷ್ಟಿಯಿಂದ ಒಂದೇ ಎಚ್ಚರ: ಸಾಧಾರಣ ಹೋರಿಯ ಬೀಜವನ್ನು ಹೀಗೆ ಬೇರ್ಪಡಿಸಿದರೆ ಸಾಧಾರಣ ಹೆಣ್ಣುಗಳೇ ಹೆಚ್ಚುಕಡಿಮೆ ಎರಡರಷ್ಟು ಹುಟ್ಟುತ್ತವೆ.

ಉಳಿದದ್ದು ಹಳ್ಳಿಕಾರ್. ಅಂಚೆ ಇಲಾಖೆ 2000ದಲ್ಲಿ ಅದರ ಚಿತ್ರವಿರುವ ಅಂಚೆಚೀಟಿ ತಂದಿತು. 2014ರಲ್ಲಿ ಆರಂಭವಾದ ರಾಷ್ಟ್ರೀಯ ಗೋಕುಲ ಮಿಷನ್ ದೇಸಿ ತಳಿಗಳ ಹೋರಿಗಳಿಗೆ ಹಣ ಕೊಡುತ್ತದೆ. ಆದರೆ ಹಾಲಿನ ಅಳತೆಗೋಲನ್ನೇ ಹಿಡಿದು ಹಳ್ಳಿಕಾರ್ ಹೋರಿಗೆ ಅಂಕ ಕೊಡುವುದು ಎತ್ತಿನ ತಳಿಗೆ ಮಾಡುವ ಅನ್ಯಾಯ. ಗಾಡಿ ಎಳೆಯುವ ತಾಕತ್ತು, ಗೊರಸಿನ ಗಟ್ಟಿತನ, ಬಿಸಿಲು ತಾಳುವ ಮೈ, ಬರಗಾಲದಲ್ಲಿ ಒಣಹುಲ್ಲಿನ ಮೇಲೆ ಬದುಕುವ ಗುಣ, ಇವುಗಳಲ್ಲಿ ಯಾವುದನ್ನು ಹೇಗೆ ಅಂಕಿಗೆ ಇಳಿಸಬೇಕೆಂಬುದು ತಳಿವಿಜ್ಞಾನಿಗಳ ಮುಂದಿರುವ ಕೆಲಸ. ಆವಣಿ ಜಾತ್ರೆಯಲ್ಲಿ ಜೋಡಿಗೆ ಲಕ್ಷಗಟ್ಟಲೆ ಬೆಲೆ ಕಟ್ಟುವವರಿಗೆ ಗೊತ್ತಿರುವುದನ್ನು ಮೊದಲು ಕೇಳಿ ಬರೆದುಕೊಂಡರೆ ಅಳತೆಯ ಪಟ್ಟಿಯ ಅರ್ಧ ಅಲ್ಲೇ ಸಿಕ್ಕೀತು.